ಹೊಲ ಕಾಯುವ ಒಂಟಿ ನಳಿಗೆ ಕೋವಿ: ನಳಿಗೆ ನೋಡಿ ಆರಿಸುವುದು ಹೇಗೆ

ಕೋವಿ ಅಂಗಡಿಗೆ ಹೋದವರು ಮೊದಲು ನೋಡುವುದು ಹೆಗಲಿಗೆ ಒರಗುವ ಮರದ ಬಟ್ಟನ್ನು. ಅದು ಮಿರಮಿರ ಮಿಂಚುತ್ತಿದ್ದರೆ ಅರ್ಧ ವ್ಯಾಪಾರ ಮುಗಿದ ಹಾಗೆ. ಆಮೇಲೆ ಹೆಗಲಿಗೆ ಏರಿಸಿ ಒಂದು ಸಲ ಗುರಿ ಹಿಡಿಯುತ್ತಾರೆ, ಬೆಲೆ ಕೇಳುತ್ತಾರೆ, ಚೌಕಾಸಿ ಶುರು. ನಳಿಗೆಯೊಳಗೆ ಕಣ್ಣಿಟ್ಟು ನೋಡುವವರು ಬಲು ಕಡಿಮೆ. ಬಟ್ಟು ಸೀಳಿದರೆ ಬೇರೆ ಮರ ಕೂರಿಸಬಹುದು. ಸ್ಪ್ರಿಂಗ್ ಹೋದರೆ ಇನ್ನೊಂದು ಹಾಕಬಹುದು. ನಳಿಗೆ ಕೆಟ್ಟಿದ್ದರೆ ಮಾತ್ರ ಆ ಕೋವಿಯಲ್ಲಿ ಕೊಳ್ಳುವಂಥದ್ದು ಏನೂ ಉಳಿದಿರುವುದಿಲ್ಲ.

ಈ ಬರಹ ಎಚ್.ಡಿ. ಕೋಟೆ, ಸರಗೂರು, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನ ರೈತರಿಗೆ. ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ಕಡೆ ಕಬ್ಬು, ಮುಸುಕಿನ ಜೋಳ ಹಾಕಿ ರಾತ್ರಿ ಅಟ್ಟಣೆ ಮೇಲೆ ಕೂರುವವರಿಗೂ ಆಗುತ್ತದೆ. ಹಂದಿ ಒಂದೇ ರಾತ್ರಿಯಲ್ಲಿ ಎಷ್ಟು ಉರುಳಿಸುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಬೇಟೆಗೆ ಕೋವಿ ಆರಿಸುವ ಬರಹ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ನಮ್ಮಲ್ಲಿ ಶೋಕಿಗೆ ಬೇಟೆ ಅನ್ನುವುದೇ ಇಲ್ಲ. ಬೆಳೆ ತಿನ್ನುವ ಪ್ರಾಣಿಯಾದರೂ ಹೊಡೆಯಬೇಕಾದರೆ ಅಧಿಕಾರ ಇರುವ ಅರಣ್ಯ ಅಧಿಕಾರಿಯ ಲಿಖಿತ ಅನುಮತಿ ಬೇಕು. ಬೆಳೆ ರಕ್ಷಣೆಗೆ ಲೈಸೆನ್ಸ್ ಇದೆ ಅಂದರೆ ಹಂದಿ ಹೊಡೆಯಲು ಅನುಮತಿ ಇದೆ ಅಂತ ಅಲ್ಲ. ಎರಡೂ ಬೇರೆ ಬೇರೆ ಕಾಗದ. ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಹೊಲದಲ್ಲಿ ಕೋವಿಯ ಮುಖ್ಯ ಕೆಲಸ ಸದ್ದು ಮಾಡಿ ಓಡಿಸುವುದು. ಆದರೆ ಸದ್ದಿಗೆ ಅಂತ ತಂದ ಕೋವಿಯ ನಳಿಗೆಯೂ ಹಾರಿಸುವವನ ಮುಖದಿಂದ ಒಂದು ಗೇಣು ದೂರದಲ್ಲೇ ಇರುತ್ತದೆ.

ಕಾಗದ ಮೊದಲು, ಅಂಗಡಿ ಆಮೇಲೆ

ಲೈಸೆನ್ಸ್ ಕೈಗೆ ಬರುವ ಮುಂಚೆ ಕೋವಿಗೆ ಮುಂಗಡ ಕೊಡಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಒಮ್ಮೆ ಓದಿಸಿಕೊಳ್ಳಿ. ಬೆಳೆ ರಕ್ಷಣೆಗೆ ಅಂತ ಅದು ಮೊದಲು ಹೇಳುವುದು ಮುಂದಿನಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಮ್ಮ ಕೇಪಿನ ಕೋವಿಯನ್ನು. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಆಗ ಬೇರೆ ನಯ ನಳಿಗೆಯ, ಅಂದರೆ ಒಳಗೆ ಗೆರೆ ಕೊರೆಯದ ನಳಿಗೆಯ, ಕೋವಿಗೆ ಕೊಡಬಹುದು. ಆ ನಳಿಗೆ 20 ಇಂಚಿಗಿಂತ ಕಡಿಮೆ ಇರಬಾರದು. ಹಾಗಾಗಿ ತೋಟಾ (ಮದ್ದು, ಚರೆ ಅಂದರೆ ಸಣ್ಣ ಸಣ್ಣ ಗುಂಡು ತುಂಬಿದ ಕಾರ್ಟ್ರಿಡ್ಜ್) ಹಾಕುವ ಕೋವಿ ಬೇಕೆಂದರೆ ಅರ್ಜಿಯಲ್ಲೇ ಕಾರಣ ಬರೆಯಿರಿ. ಸುಮ್ನೆ 'ಬೆಳೆ ರಕ್ಷಣೆಗಾಗಿ' ಅಂತ ಒಂದು ಸಾಲು ಗೀಚಿದರೆ ಆಗುವುದಿಲ್ಲ. ಎಷ್ಟು ಎಕರೆ, ಯಾವ ಬೆಳೆ, ಕಾಡಿನಿಂದ ಎಷ್ಟು ದೂರ, ಹಿಂದೆ ಬೆಳೆ ಹಾನಿ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟಿದ್ದರೆ ಅದರ ಪ್ರತಿ, ಪಹಣಿ, ಎಲ್ಲ ಜೋಡಿಸಿ. ಪರಿಹಾರದ ಹಳೇ ಅರ್ಜಿಗಳು ಇಲ್ಲಿ ತುಂಬಾ ಕೆಲಸಕ್ಕೆ ಬರುತ್ತವೆ. ಹಾನಿ ಆಗಿದೆ ಅನ್ನುವುದಕ್ಕೆ ಸರ್ಕಾರದ್ದೇ ಸಾಕ್ಷಿ ಅದು.

ಹಳ್ಳಿಗಳವರು ಅರ್ಜಿ ಕೊಡಬೇಕಾದದ್ದು ಜಿಲ್ಲಾಧಿಕಾರಿ ಕಚೇರಿಗೆ. ಮೈಸೂರು ನಗರದೊಳಗಾದರೆ ಪೊಲೀಸ್ ಕಮಿಷನರ್ ಕಚೇರಿ. ಠಾಣೆಯಿಂದ ವರದಿ ಹೋಗಬೇಕು. ಕೋವಿ ಹಿಡಿಯುವ ತರಬೇತಿಯ ಸರ್ಟಿಫಿಕೇಟೂ ಬೇಕು. ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ನಿಮ್ಮ ಠಾಣೆಯಲ್ಲಿ ಕೇಳಿ ಹೆಸರು ಬರೆಸಿ. ಸರ್ಟಿಫಿಕೇಟ್ ಬೇಡ ಅಂದಿದ್ದರೂ ಆ ಶಿಬಿರಕ್ಕೆ ಹೋಗಿ ಅನ್ನುತ್ತಿದ್ದೆ ನಾನು. ಕೋವಿ ಮಡಚುವುದು, ತೆರೆಯುವುದು, ಇನ್ನೊಬ್ಬರ ಕೈಗೆ ಕೊಡುವುದು, ಇವೆಲ್ಲ ಓದಿ ಬರುವಂಥದ್ದಲ್ಲ.

ಇನ್ನೊಂದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್ ಇದು. ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯಿಸುತ್ತದೆ. ನಾಗರಹೊಳೆ, ಬಂಡೀಪುರ ಪಕ್ಕದ ಊರಿನವರಿಗೆ ಇದು ಹೇಗೂ ತಿಳಿದಿರುತ್ತದೆ. ಆದರೆ ಶ್ರೀರಂಗಪಟ್ಟಣದ ರಂಗನತಿಟ್ಟು ಅಭಯಾರಣ್ಯ, ಮೇಲುಕೋಟೆಯದ್ದು ಅಭಯಾರಣ್ಯ, ಹುಣಸೂರು ಹತ್ತಿರದ ಅರಬಿತಿಟ್ಟು ಕೂಡ ಅಭಯಾರಣ್ಯ. ಸುತ್ತ ಬರೀ ಗದ್ದೆ, ಕಬ್ಬು, ಕಾಲುವೆ ಕಾಣುತ್ತಿದ್ದರೂ ನಕ್ಷೆಯಲ್ಲಿ ನಿಮ್ಮ ಹೊಲ ಆ ಹತ್ತು ಕಿಲೋಮೀಟರಿನೊಳಗೆ ಬೀಳಬಹುದು. ಅರ್ಜಿ ಎಲ್ಲಿ ನಿಂತಿದೆ ಅಂತ ಗೊತ್ತಾಗದೆ ಅಲೆಯುವ ಬದಲು ಮೊದಲೇ ಈ ದೂರ ನೋಡಿಕೊಳ್ಳಿ.

2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಜಾಸ್ತಿ ಕೋವಿ ಇಡುವಂತಿಲ್ಲ. ಲೈಸೆನ್ಸ್ ಅವಧಿ ಮೂರು ವರ್ಷ ಇದ್ದದ್ದು ಐದಾಗಿದೆ.

ಯಾವ ಬೋರು

12. ಇಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ. 16 ಬೋರಿನ ಹಳೇ ಕೋವಿ ಕಡಿಮೆ ಬೆಲೆಗೆ ಸಿಗುತ್ತದೆ ಅಂತ ತಂದವರು ತೋಟಾ ಹುಡುಕಿಕೊಂಡು ಊರೂರು ಸುತ್ತುತ್ತಾರೆ. ನಳಿಗೆಯ ಒಳ ಅಳತೆಗೆ ಸರಿಹೋಗುವ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡ್ ತೂಗುತ್ತವೆ. ಆ ಲೆಕ್ಕದಿಂದಲೇ 12 ಬೋರು ಅನ್ನುವುದು. ಒಳ ಅಗಲ ಸುಮಾರು 18.5 ಮಿಲಿಮೀಟರ್.

ನಳಿಗೆಯನ್ನು ಬಿಚ್ಚಿ ನೋಡಿ

ಮಡಚುವ ಒಂಟಿ ನಳಿಗೆ ಕೋವಿ ಬಿಚ್ಚುವುದು ಸುಲಭ. ಮುಂದಿನ ಹಿಡಿಮರ ತೆಗೆದರೆ ನಳಿಗೆ ಕೀಲಿನಿಂದ ಕಳಚಿ ಕೈಗೆ ಬರುತ್ತದೆ. ಅಂಗಡಿಯವರನ್ನೇ ಬಿಚ್ಚಿಕೊಡಿ ಅನ್ನಿ. ಬಿಚ್ಚಿ ತೋರಿಸಲು ಹಿಂದೆಮುಂದೆ ನೋಡುವ ಅಂಗಡಿಯಿಂದ ಎದ್ದು ಬನ್ನಿ.

ನಳಿಗೆಯನ್ನು ಟ್ಯೂಬ್‌ಲೈಟ್ ಕಡೆಗೆ ಹಿಡಿದು ಹಿಂಬದಿಯಿಂದ ನೋಡಿ. ಒಳಗೋಡೆ ಮೇಲೆ ಬೆಳಕು ಒಂದರೊಳಗೊಂದು ಬಳೆಗಳ ಹಾಗೆ ಸುತ್ತ ಕೂತಿರಬೇಕು. ನಿಧಾನ ತಿರುಗಿಸುತ್ತಾ ಹೋಗಿ. ಎಲ್ಲಾದರೂ ಬಳೆ ಸೊಟ್ಟಗಾಯಿತೆಂದರೆ ಅಲ್ಲಿ ತಗ್ಗು ಬಿದ್ದಿದೆ, ಇಲ್ಲವೇ ನಳಿಗೆ ಬಾಗಿದೆ. ಒಂದು ಕಡೆ ಕಪ್ಪು ಉಂಗುರ ಪೂರ್ತಿ ಸುತ್ತು ಬಂದಿದ್ದರೆ ಅದು ಉಬ್ಬು. ನಳಿಗೆಯೊಳಗೆ ಮಣ್ಣೋ ಬಟ್ಟೆಯೋ ಸಿಕ್ಕಿಕೊಂಡಿರುವಾಗ ಯಾರೋ ಈಡು ಹಾರಿಸಿದ್ದಾರೆ, ಉಕ್ಕು ಅಲ್ಲಿ ಹೊರಕ್ಕೆ ತಳ್ಳಿಕೊಂಡಿದೆ. ಕಣ್ಣು ಒಪ್ಪದಿದ್ದರೆ ಹೊರಗಿನಿಂದ ಹೆಬ್ಬೆರಳು, ತೋರುಬೆರಳು ಸೇರಿಸಿ ನಳಿಗೆಯ ಉದ್ದಕ್ಕೂ ಎಳೆಯಿರಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ. ಉಬ್ಬಿದ ನಳಿಗೆ ಎಷ್ಟೇ ಸಣ್ಣಗೆ ಉಬ್ಬಿರಲಿ, ಬೇಡ. ಸಣ್ಣ ತಗ್ಗಾದರೆ ಲೈಸೆನ್ಸ್ ಇರುವ ರಿಪೇರಿಯವರು ಎತ್ತಿ ಸರಿ ಮಾಡುತ್ತಾರೆ. ಅದಕ್ಕೆ ಬೆಲೆ ಇಳಿಸಿ ಕೇಳಿ.

ಆಮೇಲೆ ತುಕ್ಕು. ಮೇಲೆ ಮೇಲೆ ಕಂದು ಬಣ್ಣ ಬಂದಿದ್ದರೆ ಎಣ್ಣೆ ಬಟ್ಟೆಗೆ ಹೋಗುತ್ತದೆ. ಒರೆಸಿದ ಮೇಲೂ ಸಿಡುಬಿನ ಕಲೆ ಥರ ಗುಳಿ ಉಳಿದರೆ ಅದು ಉಕ್ಕನ್ನೇ ತಿಂದಿದೆ. ಗುಳಿ ನಳಿಗೆಯ ಬಾಯಿ ಹತ್ತಿರ ಇದ್ದರೆ ಅಷ್ಟು ಚಿಂತೆ ಇಲ್ಲ. ತೋಟಾ ಕೂರುವ ಜಾಗ, ಅದರ ಮುಂದಿನ ಒಂದು ಅಡಿ, ಅಲ್ಲಿ ಮಾತ್ರ ಚೊಕ್ಕಟವಾಗಿರಬೇಕು. ಈಡಿನ ಒತ್ತಡ ಎಲ್ಲಕ್ಕಿಂತ ಜೋರಾಗಿರುವುದು ಅಲ್ಲೇ. ಅಂಗಡಿಯವರು ಎಣ್ಣೆ ಮೆತ್ತಿಟ್ಟಿದ್ದರೆ ಗುಳಿ ಕಾಣುವುದಿಲ್ಲ. ಕಡ್ಡಿಗೆ ಒಣಬಟ್ಟೆ ಸುತ್ತಿ ಎರಡು ಸಲ ಎಳೆದು ಆಮೇಲೆ ನೋಡಿ.

ಹಳೇ ಇಂಗ್ಲೆಂಡ್ ಕೋವಿಗಳ ವಿಷಯ ಬೇರೆ. ತಾತನ ಕಾಲದ ಕೋವಿ ಮನೆಯಲ್ಲಿರುವವರು ಈ ಕಡೆ ಇನ್ನೂ ಇದ್ದಾರೆ. ಕೆಲವು ನಳಿಗೆಗಳ ಮೇಲೆ ಸುರುಳಿ ಸುರುಳಿ ಚಿತ್ತಾರ ಕಾಣುತ್ತದೆ. ನೋಡಲು ಬಲು ಚಂದ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು, ಸುತ್ತಿ, ಕಾಯಿಸಿ ಬಡಿದು ಮಾಡಿದ ಡಮಾಸ್ಕಸ್ ನಳಿಗೆ ಅದು. ಅಂಥವು ಹೆಚ್ಚಾಗಿ ಕರಿಮದ್ದಿನ ಕಾಲಕ್ಕೆ ಮಾಡಿದವು. ಈಗಿನ ಹೊಗೆಯಿಲ್ಲದ ಮದ್ದಿನ ತೋಟಾ ಅದಕ್ಕೆ ಹಾಕಬಾರದು. ರಿಪೇರಿ ಅಂಗಡಿಯೊಂದರಲ್ಲಿ ಸರಗೂರು ಕಡೆಯ ಹಿರಿಯರೊಬ್ಬರು ಇಂಥದ್ದೇ ಒಂದನ್ನು ಗೋಣಿಬಟ್ಟೆಯಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟರು. "ನಮ್ಮಪ್ಪ ಇದ್ರಲ್ಲೇ ಹಾರಿಸ್ತಿದ್ದಿದ್ದು, ಏನೂ ಆಗಿಲ್ಲ" ಅಂದರು. ರಿಪೇರಿಯವರು ಚಿತ್ತಾರದ ಮೇಲೆ ಉಗುರು ಎಳೆದು, "ಗೌಡ್ರೆ, ನಿಮ್ಮಪ್ಪ ಹಾರಿಸ್ತಿದ್ದ ಮದ್ದೇ ಬೇರೆ. ಈಗಿನ ತೋಟಾ ಇದಕ್ಕೆ ಬೇಡ" ಅಂದರು. ಅಲ್ಲಿಗೆ ಮಾತು ಮುಗಿಯಿತು. ಇಂಥ ಕೋವಿ ಹಾರಿಸದೆ ಇಟ್ಟುಕೊಂಡರೂ ಲೈಸೆನ್ಸ್ ಬೇಕೇ ಬೇಕು, ಅದು ನೆನಪಿರಲಿ.

ಚಿತ್ತಾರ ಇಲ್ಲದ ಹಳೇ ಕೋವಿಯಾದರೆ ನಳಿಗೆಯ ಹಿಂಬದಿ ತಳದಲ್ಲಿ ಮುದ್ರೆಗಳನ್ನು ಹುಡುಕಿ. ಇಂಗ್ಲೆಂಡಿನಲ್ಲಿ ಲಂಡನ್, ಬರ್ಮಿಂಗ್‌ಹ್ಯಾಮ್ ಎರಡು ಕಡೆ ಪರೀಕ್ಷೆ ಮನೆಗಳಿವೆ. ಜಾಸ್ತಿ ಒತ್ತಡದ ತೋಟಾ ಹಾರಿಸಿ ನೋಡಿ, ನಳಿಗೆ ತಡೆದರೆ ಮುದ್ರೆ ಒತ್ತುತ್ತಾರೆ. 'ನೈಟ್ರೋ ಪ್ರೂಫ್' ಅಂತಲೋ ಅದರ 'NP' ಅಕ್ಷರಗಳೋ ಇದ್ದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆ ಅಂತ ಅರ್ಥ. ಆದರೆ ಮುದ್ರೆ ಹೇಳುವುದು ಅಂದಿನ ಸ್ಥಿತಿಯನ್ನು. ಆಮೇಲೆ ಎಷ್ಟು ತುಕ್ಕು ತಿಂದಿದೆ, ಎಷ್ಟು ಸಲ ಉಜ್ಜಿ ಒಳಗೋಡೆ ತೆಳುವಾಗಿದೆ ಅನ್ನುವುದು ಅದರಲ್ಲಿ ಇರುವುದಿಲ್ಲ.

ತೋಟಾ ಕೂರುವ ಜಾಗದ ಅಳತೆ

ಈ ಒಂದು ವಿಷಯ ತಾಳ್ಮೆಯಿಂದ ಓದಿ. 12 ಬೋರು ಅಂದರೆ ಎಲ್ಲ 12 ಬೋರಿನ ತೋಟಾ ಎಲ್ಲ ಕೋವಿಗೂ ಆಗುತ್ತದೆ ಅಂತ ಅಲ್ಲ. ತೋಟಾ ಕೂರುವ ಜಾಗಕ್ಕೆ ಚೇಂಬರ್ ಅನ್ನುತ್ತಾರೆ. ಹಳೇ ಕೋವಿಗಳಲ್ಲಿ ಅದು ಹೆಚ್ಚಾಗಿ 65 ಮಿಲಿಮೀಟರ್, ಅಂದರೆ ಎರಡೂವರೆ ಇಂಚು. ಈಚಿನವುಗಳಲ್ಲಿ 70, ಅಂದರೆ ಎರಡೂ ಮುಕ್ಕಾಲು ಇಂಚು. 76ರದ್ದೂ ಇದೆ.

ಮೋಸ ಎಲ್ಲಿದೆ ನೋಡಿ. 70ರ ತೋಟಾ 65ರ ಚೇಂಬರಿನೊಳಗೆ ಸಲೀಸಾಗಿ ಕೂರುತ್ತದೆ, ಕೋವಿ ಕಟಕ್ ಅಂತ ಮುಚ್ಚಿಕೊಳ್ಳುತ್ತದೆ. ಕೂತಿತಲ್ಲ, ಸರಿಯಾಗಿದೆ ಅಂದುಕೊಳ್ಳುತ್ತೇವೆ. ಆದರೆ ತೋಟಾದ ಮೇಲೆ ಬರೆದಿರುವ ಉದ್ದ ಹಾರಿದ ಮೇಲಿನದ್ದು. ಹಾರಿಸುವ ಮುಂಚೆ ಅದರ ಬಾಯಿ ಮಡಚಿಕೊಂಡಿರುತ್ತದೆ, ಹಾಗಾಗಿ ಗಿಡ್ಡಗೆ ಕಾಣುತ್ತದೆ. ಟ್ರಿಗರ್ ಎಳೆದಾಗ ಆ ಮಡಿಕೆ ಬಿಚ್ಚಿಕೊಂಡು ಮುಂದಕ್ಕೆ ಚಾಚುತ್ತದೆ. ಚೇಂಬರ್ ಗಿಡ್ಡಗಿದ್ದರೆ ಬಿಚ್ಚಿಕೊಂಡ ಅಂಚು ನಳಿಗೆ ಕಿರಿದಾಗುವ ಜಾಗದಲ್ಲಿ ಸಿಕ್ಕಿ ಚರೆಯ ದಾರಿಗೆ ಅಡ್ಡ ಬರುತ್ತದೆ. ಒತ್ತಡ ಏರುತ್ತದೆ. ಹಳೇ ನಳಿಗೆಯಾದರೆ ಮುಂದಿನದು ಹೇಳಬೇಕಾಗಿಲ್ಲ.

ಅದಕ್ಕೇ ನಳಿಗೆಯ ತಳದಲ್ಲಿ ಅಳತೆ ಬರೆದಿದೆಯಾ ನೋಡಿ. ಏನೂ ಬರೆದಿಲ್ಲ ಅಂದರೆ ರಿಪೇರಿಯವರ ಹತ್ತಿರ ಗೇಜ್ ಇರುತ್ತದೆ, ಹಾಕಿ ಅಳೆಸಿ. ಅಲ್ಲಿಯವರೆಗೆ 65 ಅಂತಲೇ ತಿಳಿಯಿರಿ. 70ರ ಚೇಂಬರಿಗೆ 65ರ ತೋಟಾ ಹಾಕಿದರೆ ತೊಂದರೆ ಇಲ್ಲ. ತಿರುಗುಮುರುಗು ಆದರೆ ಮಾತ್ರ ತೊಂದರೆ. ಹೊಸದಾಗಿ ಕೊಳ್ಳುವವರು 70ರದ್ದನ್ನೇ ತೆಗೆದುಕೊಳ್ಳಿ. ಪುಣೆ ಪಕ್ಕದ ಖಡ್ಕಿಯ ಸರ್ಕಾರಿ ಕಾರ್ಖಾನೆಯ ಶಕ್ತಿಮಾನ್ ತೋಟಾ ತರುವಾಗಲೂ ಪೆಟ್ಟಿಗೆ ಮೇಲಿನ ಮಿಲಿಮೀಟರ್ ಓದಿಯೇ ದುಡ್ಡು ಕೊಡಿ.

ಇದಕ್ಕಿಂತ ಕೆಟ್ಟದ್ದು 20 ಬೋರಿನ ತೋಟಾ. 12ರ ಕೋವಿಗೆ ಅದು ಬಿದ್ದರೆ ಜಾರಿ ಮುಂದೆ ಹೋಗಿ ನಳಿಗೆಯೊಳಗೆ ಕಚ್ಚಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಚೇಂಬರ್ ಖಾಲಿ. ಅದರ ಹಿಂದೆ ಇನ್ನೊಂದು 12ರದ್ದು ಹಾಕಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಇದಕ್ಕಾಗಿಯೇ 20 ಬೋರಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದಿದೆ. ಎರಡು ಬೋರಿನ ತೋಟಾ ಒಂದೇ ಮನೆಯಲ್ಲಿ ಇದ್ದರೆ ಒಂದೇ ಚೀಲಕ್ಕೆ ಹಾಕಬೇಡಿ.

ಉದ್ದ ಎಷ್ಟಿರಬೇಕು

ನಳಿಗೆ ಉದ್ದವಾದಷ್ಟೂ ದೂರ ಹೊಡೆಯುತ್ತದೆ ಅನ್ನುವ ಮಾತು ಊರೂರಲ್ಲೂ ಕೇಳುತ್ತೇವೆ. ಕರಿಮದ್ದಿನ ಕಾಲದಲ್ಲಿ ಅದರಲ್ಲಿ ಸ್ವಲ್ಪ ಸತ್ಯ ಇತ್ತು. ಆ ಮದ್ದು ನಿಧಾನ ಉರಿಯುತ್ತಿತ್ತು, ಅದಕ್ಕೆ ಉದ್ದ ಬೇಕಿತ್ತು. ಈಗಿನ ಮದ್ದು ನಳಿಗೆಯ ಮೊದಲರ್ಧದಲ್ಲೇ ಹೆಚ್ಚುಕಡಿಮೆ ಉರಿದು ಮುಗಿಯುತ್ತದೆ. 28 ಇಂಚಿನದಕ್ಕೂ 32 ಇಂಚಿನದಕ್ಕೂ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಉದ್ದ ನಳಿಗೆಯಿಂದ ಗುರಿ ಹಿಡಿಯಲು ಸ್ವಲ್ಪ ಅನುಕೂಲ, ಸದ್ದು ಕಿವಿಯಿಂದ ಸ್ವಲ್ಪ ದೂರ. ಅಟ್ಟಣೆ ಏಣಿ ಹತ್ತುವಾಗ, ಕಬ್ಬಿನ ಸಾಲಿನ ನಡುವೆ ತಿರುಗುವಾಗ ಅದೇ ಉದ್ದ ಕಾಟ. 28 ಇಂಚು ಹದವಾದ ಅಳತೆ. 30 ಆದರೂ ನಡೆಯುತ್ತದೆ.

ಗಿಡ್ಡ ನಳಿಗೆ ಸಿಕ್ಕಿದರೆ ಅದು ಹಾಗೇ ತಯಾರಾದದ್ದೋ ಯಾರಾದರೂ ಕುಯ್ದದ್ದೋ ನೋಡಿ. ಕುಯ್ದ ನಳಿಗೆಯ ಬಾಯಿ ನೇರವಾಗಿರುವುದಿಲ್ಲ. ಗುರಿಯ ಮಣಿ ಹೊಸದಾಗಿ ಕೂರಿಸಿದ ಗುರುತು ಇರುತ್ತದೆ, ಅಲ್ಲಿ ಬಣ್ಣ ಬೇರೆ ಇರುತ್ತದೆ. ಪರವಾನಗಿ ಇಲ್ಲದೆ ನಳಿಗೆ ಕುಯ್ಯುವುದು ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅಪರಾಧ. ಕುಯ್ದವರು ಯಾರೋ, ಈಗ ಅದು ಇರುವುದು ನಿಮ್ಮ ಕೈಯಲ್ಲಿ. ಇಂಥದ್ದಕ್ಕೆ ಕೈ ಹಾಕಬೇಡಿ.

ಬಾಯಿ ಎಷ್ಟು ಬಿಗಿ

ಚರೆ ಹೊರಬೀಳುವ ಬಾಯಿಯ ಹತ್ತಿರ ನಳಿಗೆಯನ್ನು ಸ್ವಲ್ಪ ಕಿರಿದು ಮಾಡಿರುತ್ತಾರೆ. ಅದೇ ಚೋಕ್. ನೀರಿನ ಪೈಪಿನ ಬಾಯಿಗೆ ಬೆರಳಿಟ್ಟು ಒತ್ತಿದರೆ ಧಾರೆ ಸಣ್ಣಗಾಗಿ ಮುಂದೆ ಹೋಗುತ್ತದಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಕಿರಿದು ಅಂದರೆ ಎಷ್ಟು? ಫುಲ್ ಚೋಕಿಗೆ ಸುಮಾರು 1 ಮಿಲಿಮೀಟರ್, ಹಾಫ್ ಚೋಕಿಗೆ ಅದರರ್ಧ, ಇಂಪ್ರೂವ್ಡ್ ಸಿಲಿಂಡರಿಗೆ ಕಾಲು. ಏನೂ ಕಿರಿದು ಮಾಡದಿದ್ದರೆ ಸಿಲಿಂಡರ್.

ಅಷ್ಟು ಸಣ್ಣ ಅಳತೆಗೆ ಫರಕು ಎಷ್ಟು ನೋಡಿ. 40 ಗಜ ದೂರದಲ್ಲಿ 30 ಇಂಚಿನ ವೃತ್ತ ಬರೆದು ಹಾರಿಸಿದರೆ ಸಿಲಿಂಡರ್ ನಳಿಗೆಯ ಚರೆಯಲ್ಲಿ ಸುಮಾರು 40 ಪರ್ಸೆಂಟ್ ಆ ವೃತ್ತದೊಳಗೆ ಬೀಳುತ್ತದೆ. ಇಂಪ್ರೂವ್ಡ್ ಸಿಲಿಂಡರಿನಲ್ಲಿ 50, ಹಾಫಿನಲ್ಲಿ 60, ಫುಲ್ಲಿನಲ್ಲಿ 70. ಒಂಟಿ ನಳಿಗೆಯ ಹಳೇ ಕೋವಿಗಳು ಬಹಳಷ್ಟು ಫುಲ್ ಚೋಕಿನವು. ದೂರದ ಬಾತುಕೋಳಿಗೆ ಹೊಡೆಯುತ್ತಿದ್ದ ಕಾಲದವು. ಹೊಲ ಕಾಯುವವನಿಗೆ ಅಷ್ಟು ಬಿಗಿ ಬೇಕಾಗಿಲ್ಲ. ಒಂಟಿ ಗುಂಡಿನ ತೋಟಾವನ್ನು ಬಿಗಿ ಚೋಕಿನ ನಳಿಗೆಗೆ ಹಾಕುವುದೂ ಅಪಾಯ. ತಯಾರಿಸಿದವರು ಆಗುತ್ತದೆ ಅಂತ ಪೆಟ್ಟಿಗೆ ಮೇಲೆ ಬರೆದಿದ್ದರೆ ಮಾತ್ರ ಹಾಕಬೇಕು. ಕೆಲವು ಹಳೇ ಇಂಗ್ಲಿಷ್ ನಳಿಗೆಗಳ ಮೇಲೆ 'ಗುಂಡಿಗಲ್ಲ' ಅಂತ ಇಂಗ್ಲಿಷಿನಲ್ಲಿ ಕೊರೆದೇ ಬಿಟ್ಟಿದ್ದಾರೆ.

ನನ್ನನ್ನು ಕೇಳಿದರೆ ಇಂಪ್ರೂವ್ಡ್ ಸಿಲಿಂಡರ್ ಅಥವಾ ಹಾಫ್. ಯುರೋಪಿನ ಕೆಲವು ಕೋವಿಗಳಲ್ಲಿ ನಳಿಗೆ ಮೇಲೆ ನಕ್ಷತ್ರದ ಗುರುತು ಇರುತ್ತದೆ. ಒಂದು ನಕ್ಷತ್ರ ಇದ್ದರೆ ಫುಲ್, ನಕ್ಷತ್ರ ಜಾಸ್ತಿಯಾದಷ್ಟೂ ಬಾಯಿ ಸಡಿಲ. ಗುರುತಿಲ್ಲದಿದ್ದರೆ ರಿಪೇರಿಯವರು ಅಳೆದು ಹೇಳುತ್ತಾರೆ. ಸರಿಯಾಗಿ ತಿಳಿಯಬೇಕೆಂದರೆ ಫೈರಿಂಗ್ ರೇಂಜಿನಲ್ಲಿ ಹಳೇ ಪೇಪರ್ ಹಾಳೆ ಅಂಟಿಸಿ ಹಾರಿಸಿ, ತೂತು ಎಣಿಸಿ. ಬೇಸರದ ಕೆಲಸ, ಆದರೆ ಅದರಲ್ಲಿ ಊಹೆಗೆ ಜಾಗ ಇಲ್ಲ.

ಒಂದೇ ಕೋವಿಗೆ ಹಲವು ನಳಿಗೆ ಆಗುತ್ತದಾ?

ಮೊಬೈಲಿನಲ್ಲಿ ಅಮೆರಿಕದ ವಿಡಿಯೋ ನೋಡಿದ ಹುಡುಗರು ಕೇಳುವ ಪ್ರಶ್ನೆ ಇದು. ಅಲ್ಲಿ 1967ರಲ್ಲಿ ಬಂದ ಥಾಂಪ್ಸನ್ ಸೆಂಟರ್ ಕಂಟೆಂಡರ್ ಅನ್ನುವ ಮಡಚುವ ಪಿಸ್ತೂಲು ಈ ಪದ್ಧತಿಯನ್ನು ಜನಪ್ರಿಯ ಮಾಡಿತು. ಕೀಲಿನ ಪಿನ್ ತೆಗೆದು ಒಂದು ನಳಿಗೆ ಇಳಿಸಿ ಇನ್ನೊಂದು ಏರಿಸುವುದು. ಬೆಳಿಗ್ಗೆ ಪಾಯಿಂಟ್ 22, ಮಧ್ಯಾಹ್ನ ಬೇರೆ. ಅದೇ ಕಂಪನಿಯ ಎನ್‌ಕೋರ್ ರೈಫಲ್‌ಗೆ ದೊಡ್ಡ ಗುಂಡಿನ ನಳಿಗೆಯೂ ಬರುತ್ತದೆ, ಚರೆ ಹಾರಿಸುವ ನಳಿಗೆಯೂ ಬರುತ್ತದೆ. ಅಲ್ಲಿನ ಕಾನೂನಿನಲ್ಲಿ ಕೋವಿ ಅಂದರೆ ನಡುವಿನ ಚೌಕಟ್ಟು ಮಾತ್ರ. ನಳಿಗೆ ಬರೀ ಬಿಡಿಭಾಗ. ಹಾಗಾಗಿ ಅಂಗಡಿಯಿಂದ ಸುಮ್ನೆ ಕೊಂಡು ತರುತ್ತಾರೆ. ಆದರೆ ಅಲ್ಲೂ ಎಲ್ಲ ಕೋವಿ ಹಾಗಲ್ಲ. ಎಚ್ ಅಂಡ್ ಆರ್ ಕಂಪನಿಯ ಹ್ಯಾಂಡಿ ರೈಫಲ್‌ಗೆ ಇನ್ನೊಂದು ನಳಿಗೆ ಬೇಕಾದರೆ ಕೋವಿಯನ್ನೇ ಕಾರ್ಖಾನೆಗೆ ಕಳಿಸಬೇಕಿತ್ತು. ನಳಿಗೆಯ ಹಿಂಬದಿಗೂ ಚೌಕಟ್ಟಿನ ಮುಖಕ್ಕೂ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ತೋಟಾದ ಹಿಂಭಾಗ ಸೀಳುತ್ತದೆ, ಅಥವಾ ಕೋವಿ ಮುಚ್ಚುವುದೇ ಇಲ್ಲ.

ನಮ್ಮ ಕಾಯ್ದೆಯಲ್ಲಿ 'ಶಸ್ತ್ರಾಸ್ತ್ರ' ಅಂದರೆ ಅದರ ಭಾಗಗಳೂ ಸೇರಿವೆ. ಲೈಸೆನ್ಸಿನಲ್ಲಿ ಇಲ್ಲದ ಬಿಡಿ ನಳಿಗೆಯೊಂದು ಮನೆಯಲ್ಲಿ ಸಿಕ್ಕರೆ ಲೈಸೆನ್ಸ್ ಇಲ್ಲದ ಕೋವಿ ಸಿಕ್ಕ ಹಾಗೇ ಲೆಕ್ಕ. ಒಳಗೆ ಗೆರೆ ಕೊರೆದ ರೈಫಲ್ ನಳಿಗೆಯಂತೂ ಬೇರೆಯೇ ವರ್ಗ. ನಯ ನಳಿಗೆಯ ಲೈಸೆನ್ಸಿಗೆ ಅದು ಸೇರುವುದಿಲ್ಲ. 303ರಂಥ ಸೈನ್ಯದ ಬೋರುಗಳು ನಿಷೇಧಿತ ಪಟ್ಟಿಯಲ್ಲಿವೆ. ಜನರಿಗೆ ಅಂತ ಸರ್ಕಾರಿ ಕಾರ್ಖಾನೆ 315 ಬೋರಿನ ರೈಫಲ್ ಮಾಡುತ್ತದೆ, ಆದರೆ ಬೆಳೆ ಕಾಯುವ ಲೈಸೆನ್ಸಿನಲ್ಲಿ ಅದು ಸಿಗುವಂಥದ್ದಲ್ಲ.

ಇಲ್ಲಿಂದಲೇ ಹಳೇ ಕೋವಿ ಕೊಳ್ಳುವವರಿಗೆ ಒಂದು ಕೆಲಸ ಹುಟ್ಟುತ್ತದೆ. ಮಡಚುವ ಕೋವಿಗಳಲ್ಲಿ ಸಾಮಾನ್ಯವಾಗಿ ನಂಬರನ್ನು ಚೌಕಟ್ಟಿನ ಮೇಲೆ, ನಳಿಗೆಯ ತಳದಲ್ಲಿ, ಎಷ್ಟೋ ಸಲ ಹಿಡಿಮರದ ಕಬ್ಬಿಣದ ಮೇಲೂ ಒತ್ತಿರುತ್ತಾರೆ. ಎಲ್ಲ ಕಡೆ ಒಂದೇ ನಂಬರ್ ಇದೆಯಾ, ಮಾರುವವರ ಲೈಸೆನ್ಸಿನಲ್ಲಿ ಇರುವುದೂ ಅದೇನಾ ನೋಡಿ. ನಳಿಗೆಯ ನಂಬರ್ ಬೇರೆ ಇದ್ದರೆ ಎಂದೋ ಯಾರೋ ಬೇರೆ ಕೋವಿಯ ನಳಿಗೆ ತಂದು ಕೂರಿಸಿದ್ದಾರೆ. ಉಜ್ಜಿ ಅಳಿಸಿದ ನಂಬರ್ ಕಂಡರೆ ಅಲ್ಲಿ ನಿಲ್ಲಲೇಬೇಡಿ.

ಮುಚ್ಚಿ, ಅಲ್ಲಾಡಿಸಿ

ನಂಬರ್ ಸರಿ ಇದ್ದರೆ ಕೋವಿ ಜೋಡಿಸಿ. ಹಿಡಿಮರ ಮಾತ್ರ ಹಾಕಬೇಡಿ. ಖಾಲಿ ಇದೆ ಅಂತ ಇನ್ನೊಮ್ಮೆ ನೋಡಿ, ಮುಚ್ಚಿ, ಬಟ್ಟು ಹಿಡಿದು ಅತ್ತಿತ್ತ ಅಲುಗಿಸಿ. ನಳಿಗೆ ಕಟಕಟ ಅಂದರೆ ಕೀಲು ಸವೆದಿದೆ. ನಳಿಗೆಗೂ ಹಿಂದಿನ ಮುಖಕ್ಕೂ ನಡುವೆ ಬೆಳಕು ಕಂಡರೂ ಅಷ್ಟೆ. ಹಿಡಿಮರ ಹಾಕಿದರೆ ಆ ಬಿಗಿಯಲ್ಲಿ ಈ ಸಡಿಲ ಮುಚ್ಚಿಹೋಗುತ್ತದೆ, ಅದಕ್ಕೇ ತೆಗೆದು ನೋಡಬೇಕು. ಮದ್ದಿಲ್ಲದ ಡಮ್ಮಿ ತೋಟಾ ಹಾಕಿ ಟ್ರಿಗರ್ ಎಳೆದು ನೋಡಿ. ತೀರಾ ಹಗುರ ಇರಬಾರದು. ಹ್ಯಾಮರ್ ಎಳೆದು ಬಿಟ್ಟಾಗ ನಡುವೆ ಒಂದು ಕಡೆ ಕಚ್ಚಿ ನಿಲ್ಲುವ ಮಾದರಿಯಾದರೆ ಹೆಬ್ಬೆರಳಿನಿಂದ ಒತ್ತಿ ನೋಡಿ, ಅದು ಜಾರಬಾರದು.

ತೂಕದ ಬಗ್ಗೆ ಇಷ್ಟೇ. ಒಂಟಿ ನಳಿಗೆ ಹಗುರ. ಹೊರಲು ಸುಖ, ಹೆಗಲಿಗೆ ಒದೆ ಜೋರು. ಬಟ್ಟಿನ ಹಿಂದೆ ರಬ್ಬರ್ ಹಾಕಿಸಿ.

ಯಾವ ಚರೆ

ಚರೆಗೆ ನಂಬರ್ ಜಾಸ್ತಿಯಾದಷ್ಟೂ ಕಾಳು ಸಣ್ಣದು. 6 ನಂಬರಿನದು ಸಾಸಿವೆಗಿಂತ ತುಸು ದಪ್ಪ. ಎಸ್‌ಜಿ, ಎಲ್‌ಜಿ ಅನ್ನುವವು 8, 9 ಮಿಲಿಮೀಟರಿನ ದಪ್ಪ ಗುಂಡುಗಳು, ಒಂದು ತೋಟಾದಲ್ಲಿ ಬೆರಳೆಣಿಕೆಯಷ್ಟೇ ಇರುತ್ತವೆ. ಓಡಿಸುವ ಸದ್ದಿಗೆ ಸಣ್ಣ ಚರೆ ಸಾಕು. ಸದ್ದಿನಲ್ಲಿ ವ್ಯತ್ಯಾಸ ಇಲ್ಲ, ಅಪಾಯದಲ್ಲಿ ಇದೆ. 4 ನಂಬರಿನ ಚರೆಯೇ 200 ಮೀಟರ್ ದಾಟುತ್ತದೆ. ಎಸ್‌ಜಿ ಅರ್ಧ ಕಿಲೋಮೀಟರ್ ದಾಟಬಲ್ಲದು. ನಮ್ಮ ಕಡೆ ಅರ್ಧ ಕಿಲೋಮೀಟರಿನಲ್ಲಿ ಎಷ್ಟು ಜನರ ಹೊಲ ಬರುತ್ತದೆ ಲೆಕ್ಕ ಹಾಕಿ. ರಾತ್ರಿ ಕರೆಂಟ್ ಬಂದಿತೆಂದು ಮೋಟಾರ್ ಹಾಕಲು ಬರುವವರು ಇರುತ್ತಾರೆ, ಪಕ್ಕದ ಅಟ್ಟಣೆಯಲ್ಲಿ ಇನ್ನೊಬ್ಬರು ಮಲಗಿರುತ್ತಾರೆ. ಕಬ್ಬು ಅಲುಗಿದ ಕಡೆಗೆ ಹಾರಿಸುವುದು, ಕಣ್ಣು ಹೊಳೆದ ಕಡೆಗೆ ಹಾರಿಸುವುದು, ಇವೆರಡೂ ಕೊಲೆ ಕೇಸಿಗೆ ಸಲೀಸು ದಾರಿ. ಹಗಲಲ್ಲೇ ಎತ್ತರದ ಮಣ್ಣಿನ ಬದು ಯಾವ ಕಡೆ ಇದೆ, ಅದರ ಹಿಂದೆ ಮನೆ ದಾರಿ ಏನೂ ಇಲ್ಲ ಅಂತ ನೋಡಿಟ್ಟುಕೊಳ್ಳಿ. ರಾತ್ರಿ ಹಾರಿಸಿದರೆ ಅದರ ಕಡೆಗೇ.

ಆನೆ ಬಂದರೆ ಕೋವಿ ಮುಟ್ಟಲೇಬೇಡಿ. ಚರೆ ತಾಗಿದ ಆನೆ ಮುಂದಿನ ಊರಿನಲ್ಲಿ ಯಾರ ಮೇಲೆ ಸೇಡು ತೀರಿಸಿಕೊಳ್ಳುತ್ತದೋ ಹೇಳಲಾಗದು. ಅರಣ್ಯ ಇಲಾಖೆಗೆ ಫೋನ್ ಮಾಡಿ.

ಮನೆಗೆ ತಂದ ಮೇಲೆ

ಹಾರಿಸಿದ ದಿನವೇ ನಳಿಗೆ ಒರೆಸಿ. ಕಡ್ಡಿಯನ್ನು ಹಿಂಬದಿಯಿಂದ ತೂರಿಸಿ, ಬಾಯಿ ಕಡೆಯಿಂದ ಅಲ್ಲ. ಕರಿಮದ್ದಿನ ಕೇಪಿನ ಕೋವಿಯಾದರೆ ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಆ ಮಸಿ ತೇವ ಹೀರಿಕೊಂಡು ರಾತ್ರೋರಾತ್ರಿ ತುಕ್ಕು ತರಿಸುತ್ತದೆ. ಎಣ್ಣೆ ತೆಳ್ಳಗೆ ಸಾಕು. ಕೊಬ್ಬರಿ ಎಣ್ಣೆ ಬೇಡ, ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ಹಳತಾದರೆ ಅಂಟಾಗುತ್ತದೆ. ಹೊಲಿಗೆ ಮಿಷನ್ ಎಣ್ಣೆ ಆದೀತು. ಚರ್ಮದ ಚೀಲದೊಳಗೆ ವರ್ಷಗಟ್ಟಲೆ ಇಡಬೇಡಿ, ಮಳೆಗಾಲದಲ್ಲಿ ಚರ್ಮ ತೇವ ಹಿಡಿದು ಕೂರುತ್ತದೆ.

ನಮ್ಮ ಮನೆಗಳಲ್ಲಿ ನಳಿಗೆಯ ದೊಡ್ಡ ಶತ್ರು ಕಣಜದ ಹುಳ. ಮೂಲೆಯಲ್ಲಿ ಒರಗಿಸಿಟ್ಟ ಕೋವಿಯ ಬಾಯಿಗೆ ಅದು ನಾಲ್ಕೇ ದಿನದಲ್ಲಿ ಮಣ್ಣಿನ ಗೂಡು ಮೆತ್ತುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಆ ಮಣ್ಣಿನ ಹಿಂದೆ ತೋಟಾ ಹಾರಿತೆಂದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಹರಿಯುತ್ತದೆ. ಬಾಯಿಗೆ ಬಟ್ಟೆ ತುರುಕಿಡುವುದು ಪರಿಹಾರ ಅಲ್ಲ, ಬಟ್ಟೆ ಮರೆತು ಹಾರಿಸಿದರೆ ಅದೇ ಕಥೆ. ಅಟ್ಟಣೆ ಹತ್ತುವ ಮುಂಚೆ ಪ್ರತಿಸಲ ಕೋವಿ ಮಡಚಿ, ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ಟಾರ್ಚ್ ಬಿಟ್ಟು ಒಳಗೆ ನೋಡಿ. ಕೆಸರಿನಲ್ಲಿ ಜಾರಿ ಬಿದ್ದರೂ ಮೊದಲು ಇದೇ ಕೆಲಸ.

ಕೋವಿಗೆ ಬೇರೆ ಬೀಗ, ತೋಟಾಕ್ಕೆ ಬೇರೆ ಬೀಗ. ಬೀಗದ ಕೈ ದೇವರ ಫೋಟೋ ಹಿಂದೆ ಇಡಬೇಡಿ, ಮನೆಯ ಮಕ್ಕಳಿಗೆಲ್ಲ ಆ ಜಾಗ ಗೊತ್ತು. ಲೈಸೆನ್ಸ್ ಇರುವವರ ಹೊರತು ಅಣ್ಣತಮ್ಮಂದಿರಿಗೂ ಕೋವಿ ಕೊಟ್ಟು ಹೊಲಕ್ಕೆ ಕಳಿಸುವಂತಿಲ್ಲ.

ಚುನಾವಣೆ ಬಂದಾಗ ಠಾಣೆಯಲ್ಲಿ ಇಡಿ ಅಂತ ಆದೇಶ ಬರುತ್ತದೆ. ರಾಗಿ ತೆನೆ ಕಟ್ಟುವ ಹೊತ್ತಿಗೇ ಚುನಾವಣೆ ಬಂದರೆ ಕಷ್ಟವೇ. ಅಂಥಾಗ ಬೆಳೆ ಕಾರಣ ಕೊಟ್ಟು ವಿನಾಯಿತಿಗೆ ಲಿಖಿತ ಅರ್ಜಿ ಕೊಡಬಹುದು, ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಇಡುವುದಾದರೆ ನಳಿಗೆಯ ಒಳಗೂ ಹೊರಗೂ ಎಣ್ಣೆ ಒರೆಸಿ ಕೊಡಿ. ತಿಂಗಳುಗಟ್ಟಲೆ ಅಲ್ಲಿ ಯಾರೂ ಒರೆಸುವುದಿಲ್ಲ. ರಸೀದಿಯಲ್ಲಿ ಕೋವಿಯ ನಂಬರ್ ಸರಿಯಾಗಿ ಬರೆಸಿಕೊಳ್ಳಿ, ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ವಾಪಸ್ ತರುವ ದಿನ ಒಂದೇ ಥರದ ಹತ್ತಾರು ಕೋವಿ ಗೋಡೆಗೆ ಒರಗಿರುತ್ತವೆ. ನಂಬರ್ ತಾಳೆ ನೋಡಿ ಆಮೇಲೆ ಸಹಿ ಹಾಕಿ.